ಬೆನ್ನ ಮೇಲೆ ಬಿದ್ದ ಹಿಮ ಕರಗದ ಮೂಸ್: ಅಷ್ಟು ಚಳಿಯಲ್ಲಿ ಇವು ಬದುಕುವುದು ಹೇಗೆ?

ರಾಧಾ, ಬಸವನಗುಡಿ

ನಮ್ಮ ಅಕ್ಕ ಅಲಾಸ್ಕಾದ ಆಂಕರೇಜ್‌ನಲ್ಲಿ ಇದ್ದಾಳೆ. ಮೊನ್ನೆ ಒಂದು ವಿಡಿಯೋ ಕಳಿಸಿದಳು. ಮನೆ ಹಿಂದಿನ ಅಂಗಳದಲ್ಲಿ ಒಂದು ಹೆಣ್ಣು ಮೂಸ್ (ಜಿಂಕೆ ಜಾತಿಯ ದೊಡ್ಡ ಪ್ರಾಣಿ), ಪಕ್ಕದಲ್ಲಿ ಅದರ ಮರಿ. ಎರಡೂ ಹಿಮದ ಮೇಲೇ ಕಾಲು ಮಡಚಿ ಮಲಗಿವೆ. ಹೊರಗೆ ಮೈನಸ್ 22 ಡಿಗ್ರಿ ಅಂತೆ. ತಾಯಿಯ ಬೆನ್ನು ತುಂಬಾ ಹಿಮ, ರೆಪ್ಪೆಯ ಮೇಲೂ ಹಿಮ. ಅದು ಮಾತ್ರ ಆರಾಮಾಗಿ ಮೆಲುಕು ಹಾಕುತ್ತಿದೆ. ನಡುಗುತ್ತಲೂ ಇಲ್ಲ.

ಜನವರಿಯಲ್ಲಿ ಇಲ್ಲಿ 15 ಡಿಗ್ರಿಗೆ ಇಳಿದರೆ ನಾವು ಬೆಳಗಿನ ವಾಕಿಂಗ್ ಬಿಟ್ಟುಬಿಡುತ್ತೇವೆ. ಆ ಪ್ರಾಣಿಗೆ ನಿಜಕ್ಕೂ ಚಳಿ ಆಗುವುದಿಲ್ಲವಾ? ಅಥವಾ ಸಹಿಸಿಕೊಂಡು ಸುಮ್ಮನಿರುತ್ತದಾ? ಅಕ್ಕ ಒಂದಿಷ್ಟು ಒಣಹುಲ್ಲು ತಂದು ಹಾಕಲಾ ಅಂತ ಕೇಳುತ್ತಿದ್ದಾಳೆ. ಗೊತ್ತಿರುವವರು ದಯವಿಟ್ಟು ಹೇಳಿ.

ದನದ ಡಾಕ್ಟರು, ಹೆಸರಘಟ್ಟ

ರಾಧಾ ಅವರೇ, ಮೊದಲು ಅಕ್ಕನಿಗೆ ಫೋನ್ ಮಾಡಿ. ಹುಲ್ಲು, ಕಾಳು, ಬ್ರೆಡ್ಡು ಏನೂ ಹಾಕುವುದು ಬೇಡ. ಹತ್ತಿರವೂ ಹೋಗುವುದು ಬೇಡ. ಮರಿ ಜೊತೆಗಿರುವ ಮೂಸ್ ಮುನ್ನುಗ್ಗಿ ಬಂದು ಮುಂಗಾಲಲ್ಲಿ ಒದೆಯುತ್ತದೆ. ಮೇವು ಯಾಕೆ ಹಾಕಬಾರದು ಅನ್ನುವುದು ದೊಡ್ಡ ವಿಷಯ, ಆಮೇಲೆ ಬರೆಯುತ್ತೇನೆ.

ಬೆನ್ನ ಮೇಲಿನ ಹಿಮ ಕರಗಿಲ್ಲ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಒಳಗೆ ಮೈ 38 ಡಿಗ್ರಿಯಷ್ಟು ಬಿಸಿ. ಮೇಲೆ ಹಿಮ. ನಡುವೆ ಇರುವುದು ಚರ್ಮ, ಕೂದಲು ಅಷ್ಟೇ. ಒಳಗಿನ ಬಿಸಿ ಸೋರುತ್ತಿದ್ದರೆ ಹಿಮ ಕರಗಿ ನೀರಾಗುತ್ತಿತ್ತು, ಕೂದಲು ತೊಯ್ದು ಪ್ರಾಣಿ ಸಾಯುತ್ತಿತ್ತು. ಕರಗಿಲ್ಲ ಅಂದರೆ ಬಿಸಿ ಒಳಗೇ ಉಳಿದಿದೆ.

ಮೂಸ್‌ಗೆ ಚಳಿಗಾಲದಲ್ಲಿ ಎರಡು ಪದರ ಕೂದಲು. ಒಳಗೆ ಚರ್ಮಕ್ಕೆ ಅಂಟಿದಂತೆ ಮೆತ್ತಗಿನ ದಟ್ಟ ತುಪ್ಪಳ. ಹೊರಗೆ ಉದ್ದನೆಯ ಒರಟು ಕೂದಲು, ಭುಜದ ಗೂನಿನ ಹತ್ತಿರ 15 ಸೆಂಟಿಮೀಟರಿಗೂ ಉದ್ದ. ಈ ಹೊರಗಿನ ಒಂದೊಂದು ಕೂದಲೂ ಒಳಗೆ ಟೊಳ್ಳು. ಗಾಳಿ ತುಂಬಿಕೊಂಡಿರುತ್ತದೆ. ನಮ್ಮ ಕುರುಬರ ಕಂಬಳಿ ಬೆಚ್ಚಗಿಡುವುದು ಎಳೆಗಳ ನಡುವೆ ನಿಂತ ಗಾಳಿಯಿಂದ. ಮೂಸ್‌ನಲ್ಲಿ ಎಳೆಗಳ ನಡುವೆಯೂ ಗಾಳಿ, ಎಳೆಯ ಒಳಗೂ ಗಾಳಿ.

ಎರಡನೆಯದು ಗಾತ್ರ. ಜಿಂಕೆ ಜಾತಿಯಲ್ಲೇ ಇದು ಅತಿ ದೊಡ್ಡದು. ಅಲಾಸ್ಕಾದ ದೊಡ್ಡ ಗಂಡು 600 ಕೆ.ಜಿ. ದಾಟುತ್ತದೆ. ಬಂಡೀಪುರದಲ್ಲಿ ನೀವು ನೋಡುವ ಕಡವೆ ಸಾಮಾನ್ಯವಾಗಿ ಅದರ ಅರ್ಧವೂ ತೂಗುವುದಿಲ್ಲ. ಮೈ ದೊಡ್ಡದಾದಷ್ಟೂ ಒಳಗಿನ ತೂಕಕ್ಕೆ ಹೋಲಿಸಿದರೆ ಹೊರಗಿನ ಚರ್ಮ ಕಡಿಮೆ. ಬಿಸಿ ಹೋಗುವುದು ಚರ್ಮದಿಂದ ತಾನೇ? ತಣ್ಣನೆಯ ನಾಡಿನ ಪ್ರಾಣಿಗಳು ದೊಡ್ಡ ಮೈಯವು ಅನ್ನುವುದನ್ನು ಜರ್ಮನಿಯ ಕಾರ್ಲ್ ಬರ್ಗ್‌ಮನ್ 1847ರಲ್ಲೇ ಬರೆದಿದ್ದಾರೆ.

ಮೂರನೆಯದು ಹೊಟ್ಟೆ. ಇದು ನಮ್ಮ ಹಸು, ಎಮ್ಮೆಯಂತೆ ನಾಲ್ಕು ಭಾಗದ ಹೊಟ್ಟೆಯ ಪ್ರಾಣಿ. ದೊಡ್ಡ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಮೇವನ್ನು ಹುಳಿಸುವಾಗ ಬಿಸಿ ಹುಟ್ಟುತ್ತದೆ. ಮಲಗಿ ಮೆಲುಕು ಹಾಕುತ್ತಿದೆ ಅಂದರೆ ಆ ಬಿಸಿ ಒಳಗೆ ಬರುತ್ತಾ ಇದೆ.

ಕೆನಡಾದ ಆಲ್ಬರ್ಟಾದಲ್ಲಿ 1980ರ ದಶಕದಲ್ಲಿ ಮೂಸ್ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಅಂತ ಅಳೆದು ನೋಡಿದರು. ಮೈನಸ್ 30 ಡಿಗ್ರಿವರೆಗೂ ಅದಕ್ಕೆ ಮೈ ಬೆಚ್ಚಗಿಡಲು ಬೇರೆ ಶ್ರಮವೇ ಬೇಕಾಗಲಿಲ್ಲ. ಹಾಗಾಗಿ ಮೈನಸ್ 22ಕ್ಕೆ ನಿಮ್ಮ ಅಕ್ಕನ ಮನೆಯ ಮೂಸ್ ನಿಜಕ್ಕೂ ಆರಾಮಾಗಿದೆ. ಸಹಿಸಿಕೊಂಡು ಕೂತಿಲ್ಲ.

ಕಿರಣ್, ಎಚ್‌ಎಸ್‌ಆರ್ ಲೇಔಟ್

ಡಾಕ್ಟ್ರೇ, ಚಳಿ ತಡೆಯುತ್ತದೆ, ಸರಿ. ಹಿಮ ಮುಚ್ಚಿದ ಊರಿನಲ್ಲಿ ಐದಾರು ತಿಂಗಳು ತಿನ್ನುವುದೇನು? ಬರಗಾಲದಲ್ಲಿ ನಾವೇ ಗೋಶಾಲೆ ತೆರೆಯುತ್ತೇವೆ, ಮೇವು ಬ್ಯಾಂಕ್ ಮಾಡುತ್ತೇವೆ. ಕಣ್ಣೆದುರು ಹಸಿದಿರುವ ಪ್ರಾಣಿಗೆ ಒಂದು ಹೊರೆ ಹುಲ್ಲು ಹಾಕಬೇಡಿ ಅನ್ನುವುದು ನನಗೆ ಒಪ್ಪಿಗೆ ಆಗುತ್ತಿಲ್ಲ.

ದನದ ಡಾಕ್ಟರು, ಹೆಸರಘಟ್ಟ

ಕಿರಣ್, ಕೇಳಿದ್ದು ಒಳ್ಳೆಯದಾಯಿತು. ಚಳಿಗಾಲದ ನಿಜವಾದ ಕಷ್ಟ ಇದೇ. ಚಳಿ ಕೊಲ್ಲುವುದಕ್ಕಿಂತ ಹಸಿವು ಕೊಲ್ಲುವುದು ಜಾಸ್ತಿ.

ಚಳಿಗಾಲದಲ್ಲಿ ಮೂಸ್ ತಿನ್ನುವುದು ಕಡ್ಡಿ. ಸುಮ್ನೆ ಹೇಳುತ್ತಿಲ್ಲ, ಎಲೆ ಉದುರಿದ ವಿಲ್ಲೋ, ಬರ್ಚ್, ಆಸ್ಪೆನ್ ಮರಗಳ ತುದಿ ರೆಂಬೆ, ಕೆಲವು ಕಡೆ ತೊಗಟೆ. ದಿನಕ್ಕೆ ಸುಮಾರು 15ರಿಂದ 20 ಕೆ.ಜಿ. ಅದರಲ್ಲಿ ಸತ್ವ ಬಹಳ ಕಡಿಮೆ, ನಾರು ಜಾಸ್ತಿ. ಎಷ್ಟು ತಿಂದರೂ ಖರ್ಚಿಗೆ ಸಾಲುವುದಿಲ್ಲ. ಅದಕ್ಕೇ ಮೂಸ್ ಬೇಸಿಗೆಯಲ್ಲೇ ಕೊಬ್ಬು ಕೂಡಿಡುತ್ತದೆ. ಹಸಿರೆಲೆ, ಕೆರೆಯಲ್ಲಿ ಬೆಳೆಯುವ ಗಿಡ, ಎಲ್ಲವನ್ನೂ ಮುಕ್ಕುತ್ತದೆ. ಚಳಿಗಾಲದಲ್ಲಿ ಓಡಾಟ ಕಡಿಮೆ ಮಾಡುತ್ತದೆ, ಮೈಯೊಳಗಿನ ಖರ್ಚೂ ತಾನಾಗಿ ಇಳಿಯುತ್ತದೆ, ಹಸಿವೂ ಇಳಿಯುತ್ತದೆ. ಗಂಡುಗಳು ಡಿಸೆಂಬರ್, ಜನವರಿ ಹೊತ್ತಿಗೆ ಕೊಂಬನ್ನೂ ಉದುರಿಸುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೆದೆಯ ಕಾಲ. ಆಗ ಗಂಡು ಹೆಚ್ಚುಕಡಿಮೆ ಮೇವನ್ನೇ ಮರೆತಿರುತ್ತದೆ, ಸೊರಗಿದ ಮೈಯಲ್ಲೇ ಚಳಿಗಾಲಕ್ಕೆ ಕಾಲಿಡುತ್ತದೆ. ವಸಂತ ಬರುವ ಹೊತ್ತಿಗೆ ಮೂಸ್ ತನ್ನ ತೂಕದ ಐದನೇ ಒಂದು ಪಾಲು ಕಳೆದುಕೊಂಡಿರುವುದುಂಟು. ಅದು ಅದರ ವರ್ಷದ ಲೆಕ್ಕದಲ್ಲೇ ಇರುವ ನಷ್ಟ.

ಈಗ ನಿಮ್ಮ ಹುಲ್ಲಿನ ಹೊರೆ. ಮೇವು ಜೀರ್ಣ ಮಾಡುವುದು ಪ್ರಾಣಿ ಅಲ್ಲ, ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು. ಮೇವು ಬದಲಾದಂತೆ ಆ ಜೀವಿಗಳ ಬಳಗವೂ ಬದಲಾಗಬೇಕು, ಅದಕ್ಕೆ ವಾರಗಟ್ಟಲೆ ಬೇಕು. ಡಿಸೆಂಬರ್ ಹೊತ್ತಿಗೆ ಮೂಸ್ ಹೊಟ್ಟೆ ಪೂರ್ತಿ ಕಡ್ಡಿಗೆ ಹೊಂದಿಕೊಂಡಿರುತ್ತದೆ. ಒಮ್ಮೆಗೇ ಒಣಹುಲ್ಲು ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಹೊಟ್ಟೆ ತುಂಬ ಹುಲ್ಲಿಟ್ಟುಕೊಂಡೇ ಹಸಿದು ಸತ್ತ ಮೂಸ್‌ಗಳಿವೆ. ಕಾಳು ಹಾಕಿದರೆ ಇನ್ನೂ ಕೆಟ್ಟದ್ದು, ಹೊಟ್ಟೆಯೊಳಗೆ ಹುಳಿ ಏರಿಬಿಡುತ್ತದೆ.

ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಹಬ್ಬದ ಮರುದಿನ ನಮ್ಮ ಊರುಗಳಲ್ಲಿ ದನದ ಡಾಕ್ಟರಿಗೆ ಬರುವ ಫೋನ್ ಇದೇ. ಮದುವೆ ಮನೆಯಲ್ಲಿ ಉಳಿದ ಅನ್ನ, ಸಂಕ್ರಾಂತಿ ಪೊಂಗಲ್, ಹೋಳಿಗೆ, ಪ್ರೀತಿಯಿಂದ ಬುಟ್ಟಿಗಟ್ಟಲೆ ಹಸುವಿಗೆ ತಿನ್ನಿಸಿರುತ್ತಾರೆ. ಬೆಳಗ್ಗೆ ಹೋದರೆ ಹಸು ಎದ್ದು ನಿಂತಿರುವುದಿಲ್ಲ. ಕಣ್ಣು ಗುಳಿ ಬಿದ್ದಿರುತ್ತದೆ, ಮೆಲುಕು ನಿಂತಿರುತ್ತದೆ, ಎಡಗಡೆ ಪಕ್ಕೆಗೆ ಕೈ ಇಟ್ಟು ಒತ್ತಿದರೆ ಒಳಗೆ ನೀರು ಕುಲುಕಿದ ಹಾಗೆ ಕೇಳಿಸುತ್ತದೆ. ಸೋಡಾ ಪುಡಿ ಕುಡಿಸಿ, ಡ್ರಿಪ್ ಹಾಕಿ ಕೆಲವನ್ನು ಉಳಿಸುತ್ತೇವೆ, ಕೆಲವು ಹೋಗುತ್ತವೆ. ಅಂಗಳಕ್ಕೆ ಬಂದ ಕಾಡುಪ್ರಾಣಿಗೆ ಡ್ರಿಪ್ ಹಾಕುವವರು ಯಾರು?

ಕಿರಣ್, ಎಚ್‌ಎಸ್‌ಆರ್ ಲೇಔಟ್

ಹೊಟ್ಟೆ ತುಂಬಿಯೂ ಹಸಿದು ಸಾಯುತ್ತದೆ ಅನ್ನುವುದು ಗೊತ್ತಿರಲಿಲ್ಲ. ಹಾಗಾದರೆ ಕೈಲಾಗುವ ಸಹಾಯ ಏನೂ ಇಲ್ಲವಾ? ಏನೂ ಮಾಡದೆ ನೋಡುತ್ತಾ ಕೂರುವುದು ಕಷ್ಟ.

ದನದ ಡಾಕ್ಟರು, ಹೆಸರಘಟ್ಟ

ಇದೆ. ಅಂಗಳದ ಅಂಚಿನಲ್ಲಿ ವಿಲ್ಲೋ, ಬರ್ಚ್ ಗಿಡಗಳಿದ್ದರೆ ಕಡಿಯದೆ ಬಿಡುವುದು. ನಾಯಿಯನ್ನು ಕಟ್ಟಿಹಾಕುವುದು. ಅಟ್ಟಿಸಿಕೊಂಡು ಓಡಿದ ಪ್ರತಿ ಸಲವೂ ಅದು ಕೂಡಿಟ್ಟ ಕೊಬ್ಬು ಕರಗುತ್ತದೆ. ಹಿಮ 70 ಸೆಂಟಿಮೀಟರ್ ದಾಟಿದರೆ ಅದಕ್ಕೆ ನಡೆಯುವುದೇ ಕಷ್ಟ, ಒಂದು ಮೀಟರ್ ಹತ್ತಿರ ಬಂದರೆ ಅಷ್ಟು ಉದ್ದದ ಕಾಲಿದ್ದರೂ ಎದೆ ಹಿಮಕ್ಕೆ ತಾಗುತ್ತದೆ. ಅಂಥ ಸಮಯದಲ್ಲಿ ಜನ ಗುದ್ದಲಿಯಲ್ಲಿ ತೋಡಿದ ದಾರಿಯಲ್ಲೋ ರೈಲು ಹಳಿಯ ಮೇಲೋ ಮೂಸ್ ನಿಂತುಬಿಡುತ್ತದೆ. ದಾರಿ ಬಿಟ್ಟುಕೊಟ್ಟು ಕಾಯುವುದೇ ಸಹಾಯ.

ದೊಡ್ಡ ಮಟ್ಟದಲ್ಲಿ ಅಂದರೆ ಎಳೆಯ ಕಾಡು ಬೇಕು. ಬೆಂಕಿ ಬಿದ್ದೋ ಮರ ಕಡಿದೋ ಆದಮೇಲೆ ಹೊಸದಾಗಿ ಚಿಗುರುವ ಜಾಗದಲ್ಲಿ ಮೂಸ್ ಬಾಯಿಗೆ ಎಟುಕುವ ರೆಂಬೆ ಜಾಸ್ತಿ ಸಿಗುತ್ತದೆ.

ವಿಜಯನಗರದ ಅಮ್ಮ

ನನ್ನ ಮಗಳು ಮೂರನೇ ಕ್ಲಾಸು. ಇದನ್ನೆಲ್ಲ ಓದಿ ಹೇಳಿದೆ. ಅವಳ ಪ್ರಶ್ನೆ ಹೀಗೆಯೇ ಹಾಕುತ್ತಿದ್ದೇನೆ: "ಮೈಗೆ ಕೂದಲಿದೆ, ಕಾಲಿಗೆ ಶೂ ಇಲ್ಲವಲ್ಲ, ಕಾಲು ಯಾಕೆ ಐಸ್ ಆಗುವುದಿಲ್ಲ? ಬಾತುಕೋಳಿ ಐಸ್ ಮೇಲೆ ನಿಲ್ಲುತ್ತದಲ್ಲ, ಅದಕ್ಕೆ ಕೂದಲೂ ಇಲ್ಲ."

ಕೆರೆದಂಡೆ, ಹೆಬ್ಬಾಳ

ಪುಟ್ಟಿಗೆ ಶಭಾಷ್ ಹೇಳಿ ಮೇಡಂ. ಹಕ್ಕಿ ನೋಡುವವನಾಗಿ ಬಾತಿನ ಉತ್ತರ ನಾನು ಕೊಡುತ್ತೇನೆ.

ಬಾತಿನ ಕಾಲಿಗೆ ಹೋಗುವ ರಕ್ತನಾಳ, ಕಾಲಿನಿಂದ ವಾಪಸ್ ಬರುವ ರಕ್ತನಾಳ, ಎರಡೂ ಒಂದಕ್ಕೊಂದು ಅಂಟಿಕೊಂಡು ಹೆಣೆದುಕೊಂಡಿವೆ. ಮೈಯಿಂದ ಇಳಿಯುವ ಬಿಸಿ ರಕ್ತ ತನ್ನ ಬಿಸಿಯನ್ನು ಕೆಳಗಿನಿಂದ ಬರುವ ತಣ್ಣನೆ ರಕ್ತಕ್ಕೆ ಕೊಟ್ಟುಬಿಡುತ್ತದೆ. ಪಾದ ಮುಟ್ಟುವ ರಕ್ತ ಆಗಲೇ ತಣ್ಣಗಾಗಿರುತ್ತದೆ, ಹಾಗಾಗಿ ಐಸ್‌ಗೆ ಕೊಡಲು ಬಿಸಿಯೇ ಜಾಸ್ತಿ ಉಳಿದಿರುವುದಿಲ್ಲ. ಮೇಲೆ ಹೋಗುವ ರಕ್ತ ಬೆಚ್ಚಗಾಗಿ ಹೋಗುತ್ತದೆ, ಹೊಟ್ಟೆಗೆ ತಣ್ಣಗೆ ತಾಗುವುದಿಲ್ಲ. ಪಾದ ಬೆಚ್ಚಗಿರುವುದಿಲ್ಲ, ಪುಟ್ಟಿ. ಹೆಪ್ಪುಗಟ್ಟದಷ್ಟು ಮಾತ್ರ ಬಿಸಿ ಇರುತ್ತದೆ. ಅಷ್ಟು ಸಾಕು. ಪಾದದಲ್ಲಿ ಮಾಂಸ ಕಡಿಮೆ, ಇರುವುದು ಮೂಳೆ, ನರಹುರಿ.

ಇದೇ ಏರ್ಪಾಡು ಹಿಮಸಾರಂಗದ (ರೇನ್‌ಡಿಯರ್) ಕಾಲಿನಲ್ಲೂ ಮೂಗಿನಲ್ಲೂ ಇದೆ. ಉಸಿರು ಬಿಡುವಾಗ ಮೂಗಿನೊಳಗಿನ ಸುರುಳಿಗಳು ಬಿಸಿಯನ್ನೂ ನೀರಿನ ಪಸೆಯನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಅದರ ಗೊರಸಿನ ಹತ್ತಿರದ ಕೊಬ್ಬು ಕೂಡ ಬೇರೆ ಥರದ್ದು, ಚಳಿಗೆ ಗಟ್ಟಿಯಾಗದೆ ಮೆತ್ತಗೇ ಉಳಿಯುತ್ತದೆ. ಹಿಮಸಾರಂಗದ ಕಣ್ಣಿನ ಹಿಂಬದಿ ಬೇಸಿಗೆಯಲ್ಲಿ ಬಂಗಾರದ ಬಣ್ಣ, ಕತ್ತಲೆಯ ಚಳಿಗಾಲದಲ್ಲಿ ನೀಲಿ. 2013ರಲ್ಲಿ ಇದು ಪ್ರಕಟವಾದಾಗ ಓದಿ ನಾನು ಎಷ್ಟು ಜನಕ್ಕೆ ಹೇಳಿದೆನೋ.

ಇನ್ನೊಂದು ದಾರಿ ನಮ್ಮ ಕಣ್ಣೆದುರೇ ಇದೆ. ಎದ್ದು ಹೊರಟುಬಿಡುವುದು. ಮಧ್ಯ ಏಷ್ಯಾ, ಸೈಬೀರಿಯಾ ಕಡೆ ಕೆರೆಗಳು ಹೆಪ್ಪುಗಟ್ಟುವ ಮೊದಲೇ ಬಿಳಿಹುಬ್ಬಿನ ಬಾತು, ಸಲಿಕೆ ಕೊಕ್ಕಿನ ಬಾತುಗಳು ನಮ್ಮ ಕಡೆಯ ಕೆರೆಗಳಿಗೆ ಬರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ, 7,000 ಮೀಟರಿಗೂ ಮೇಲೆ ಹಾರಿದ ದಾಖಲೆ ಇದೆ. ನಿಮ್ಮ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಹತ್ತಿರ ಬಾಲ ಕುಣಿಸುತ್ತಾ ಓಡಾಡುವ ಬೂದು ಸಿಪಿಲೆ ಕೂಡ ಚಳಿ ತಪ್ಪಿಸಿಕೊಂಡು ಬಂದದ್ದೇ.

ಮಾಜಿ ಯೋಧ, ಆರ್.ಟಿ. ನಗರ

ಸೇನೆಯಲ್ಲಿದ್ದಾಗ ಲಡಾಖ್‌ನಲ್ಲಿ ಚಳಿಗಾಲ ಕಳೆದಿದ್ದೇನೆ. ಬರಿಗೈಯಲ್ಲಿ ಲೋಹ ಮುಟ್ಟಿದರೆ ಚರ್ಮ ಕಿತ್ತು ಬರುತ್ತದೆ. ಜೊತೆಗಿದ್ದ ಹುಡುಗನೊಬ್ಬನ ಬೆರಳ ತುದಿ ಬೆಳ್ಳಗಾಗಿ ಮರದಂತಾಗಿದ್ದು ನೋಡಿದ್ದೇನೆ. ನಮ್ಮ ಮೈ ಕೂಡ ಬಾತಿನ ಕಾಲಿನಂತೆ ಮೊದಲು ಬೆರಳಿಗೆ ರಕ್ತ ಕಡಿಮೆ ಮಾಡುತ್ತದೆ. ಆದರೆ ಬೆರಳು ಉಳಿಸಿಕೊಳ್ಳಲು ಬಾತಿಗಿರುವಷ್ಟು ಒಳ್ಳೆಯ ಏರ್ಪಾಡು ನಮಗಿಲ್ಲ.

ಅಲ್ಲಿ ನನಗೆ ಆಶ್ಚರ್ಯ ತಂದದ್ದು ಚಾಂಗ್‌ಥಾಂಗ್‌ನ ಆಡುಗಳು. 4,000 ಮೀಟರಿಗಿಂತ ಎತ್ತರದ ಬಯಲಿನಲ್ಲಿ ಬಯಲಲ್ಲೇ ಇರುತ್ತವೆ. ಹೊರಗಿನ ಒರಟು ಕೂದಲನ್ನು ಬೆರಳಿಂದ ಸರಿಸಿದರೆ ಒಳಗೆ ಬೆಳ್ಳಗೆ, ಹತ್ತಿಗಿಂತ ನಯವಾದ ತುಪ್ಪಳ ಕಾಣುತ್ತದೆ. ಬೆರಳು ಅದರೊಳಗೆ ಹೋದ ಕೂಡಲೇ ಬೆಚ್ಚಗಾಗುತ್ತದೆ. ಚಳಿ ಹೋದಮೇಲೆ ಅದು ತಾನಾಗಿ ಉದುರುತ್ತದೆ, ಅಲ್ಲಿನ ಜನ ಬಾಚಣಿಗೆಯಿಂದ ಬಾಚಿ ತೆಗೆಯುತ್ತಾರೆ. ಪಶ್ಮಿನಾ ಶಾಲು ಅಂದರೆ ಅದೇ. ಡಾಕ್ಟರು ಹೇಳಿದ ಒಳಪದರ ಓದಿದ ಕೂಡಲೇ ನೆನಪಾಯಿತು.

ಯಾಕ್ ಕೂಡ ಹಾಗೇ. ಚಳಿಯಲ್ಲಿ ಬಂಡೆಯಂತೆ ನಿಲ್ಲುತ್ತದೆ, ತಗ್ಗಿನ ಊರಿಗೆ ಇಳಿಸಿದರೆ ಸೊರಗುತ್ತದೆ. ಕರಡಿಯ ವಿಷಯ ಕೇಳಬೇಕಿತ್ತು. ದ್ರಾಸ್ ಕಡೆ ಕಂದು ಕರಡಿ ಚಳಿಗಾಲ ಪೂರ್ತಿ ಕಾಣಿಸುವುದೇ ಇಲ್ಲ. ನಮ್ಮ ದರೋಜಿಯ ಕರಡಿ ವರ್ಷ ಪೂರ್ತಿ ಓಡಾಡುತ್ತದೆ. ಅಷ್ಟು ತಿಂಗಳು ಮಲಗಿದ ಕರಡಿಗೆ ಮೂತ್ರ, ಮಲ, ನೀರು ಏನೂ ಬೇಡವಾ?

ದನದ ಡಾಕ್ಟರು, ಹೆಸರಘಟ್ಟ

ಬೇಡ ಸಾರ್, ನಿಜಕ್ಕೂ ಬೇಡ. ಐದರಿಂದ ಏಳು ತಿಂಗಳು ಕರಡಿ ತಿನ್ನುವುದಿಲ್ಲ, ಕುಡಿಯುವುದಿಲ್ಲ, ಮೂತ್ರ ಮಾಡುವುದಿಲ್ಲ. ಕೊಬ್ಬು ಕರಗುವಾಗ ಹುಟ್ಟುವ ನೀರೇ ಸಾಕು. ಮೂತ್ರವಾಗಿ ಹೋಗಬೇಕಿದ್ದ ಯೂರಿಯಾವನ್ನು ಮೈ ಮತ್ತೆ ಪ್ರೋಟೀನಾಗಿ ಬಳಸುತ್ತದೆ, ಅದಕ್ಕೇ ಮಾಂಸಖಂಡ ಅಷ್ಟಾಗಿ ಸೊರಗುವುದಿಲ್ಲ. ಮನುಷ್ಯ ಅಷ್ಟು ತಿಂಗಳು ಹಾಸಿಗೆ ಹಿಡಿದರೆ ಎದ್ದು ನಿಲ್ಲಲಾರ.

ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಕಪ್ಪು ಕರಡಿಗಳನ್ನು ಗೂಡಿನಲ್ಲಿ ಮಲಗಿಸಿ ಅಳೆದು 2011ರಲ್ಲಿ ಪ್ರಕಟಿಸಿದರು. ಮೈ ಬಿಸಿ ಇಳಿದದ್ದು 30ರಿಂದ 36 ಡಿಗ್ರಿ ನಡುವೆ, ಅಂದರೆ ಅಂಥ ದೊಡ್ಡ ಇಳಿತ ಏನಲ್ಲ. ಆದರೆ ಮೈಯ ಖರ್ಚು ಕಾಲು ಭಾಗಕ್ಕೆ ಇಳಿದಿತ್ತು. ಆ ನಿದ್ದೆಯಲ್ಲೇ ಹೆಣ್ಣು ಕರಡಿ ಮರಿ ಹಾಕಿ ಹಾಲೂ ಕೊಡುತ್ತದೆ. ದರೋಜಿಯ ಕರಡಿಗೆ ವರ್ಷ ಪೂರ್ತಿ ಗೆದ್ದಲು, ಹಣ್ಣು ಸಿಗುವಾಗ ಮಲಗುವ ಅಗತ್ಯ ಇಲ್ಲ. ಕರಡಿ ಮಲಗುವುದು ಚಳಿಗೆ ಹೆದರಿ ಅಲ್ಲ, ಊಟ ಇಲ್ಲದ್ದಕ್ಕೆ.

ಇನ್ನೂ ಮುಂದೆ ಹೋಗುವ ಪ್ರಾಣಿಗಳಿವೆ. ಆರ್ಕ್ಟಿಕ್ ನೆಲ ಅಳಿಲಿನ ಮೈ ಮೈನಸ್ 2.9 ಡಿಗ್ರಿವರೆಗೂ ಇಳಿಯುತ್ತದೆ. 1989ರಲ್ಲಿ ಇದು ಗೊತ್ತಾಯಿತು. ರಕ್ತ ನೀರಿನ ಹೆಪ್ಪು ಮಟ್ಟಕ್ಕಿಂತ ಕೆಳಗಿದ್ದರೂ ಹೆಪ್ಪುಗಟ್ಟಿರುವುದಿಲ್ಲ. ಎರಡು ಮೂರು ವಾರಕ್ಕೊಮ್ಮೆ ನಡುಗಿ ನಡುಗಿ ಮೈ ಬಿಸಿ ಮಾಡಿಕೊಂಡು, ಒಂದಷ್ಟು ಹೊತ್ತಿನ ಮೇಲೆ ಮತ್ತೆ ತಣ್ಣಗಾಗುತ್ತದೆ. ಕೂಡಿಟ್ಟ ಕೊಬ್ಬಿನ ದೊಡ್ಡ ಪಾಲು ಈ ಎಚ್ಚರಕ್ಕೇ ಖರ್ಚಾಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಪ್ರೀತಿ ಮಾತ್ರ ಉತ್ತರ ಅಮೆರಿಕದ ಕಾಡುಕಪ್ಪೆಯ ಮೇಲೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಅದು ಎಲ್ಲಿಗೂ ಓಡುವುದಿಲ್ಲ, ಆಳಕ್ಕೆ ತೋಡುವುದೂ ಇಲ್ಲ. ತರಗೆಲೆಯ ಅಡಿಯಲ್ಲಿ ಕೂತು ಹೆಪ್ಪುಗಟ್ಟುತ್ತದೆ. ಚರ್ಮಕ್ಕೆ ಮೊದಲ ಮಂಜಿನ ಹರಳು ತಾಗಿದ ಕೂಡಲೇ ಲಿವರ್ ತನ್ನಲ್ಲಿದ್ದದ್ದನ್ನೆಲ್ಲ ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುತ್ತದೆ. ಆ ಸಕ್ಕರೆ ಜೀವಕೋಶಗಳ ಒಳಗೆ ಸೇರಿ ಅಲ್ಲಿ ಮಂಜು ಕಟ್ಟದಂತೆ ನೋಡಿಕೊಳ್ಳುತ್ತದೆ. ಮಂಜು ಕಟ್ಟುವುದೆಲ್ಲ ಕೋಶಗಳ ಹೊರಗೆ. ಮೈಯಲ್ಲಿರುವ ನೀರಿನ ಮೂರನೇ ಎರಡು ಭಾಗದಷ್ಟು ಗಡ್ಡೆ ಕಟ್ಟುತ್ತದೆ. ಹೃದಯ ನಿಲ್ಲುತ್ತದೆ. ಉಸಿರು ನಿಲ್ಲುತ್ತದೆ. ಅಲಾಸ್ಕಾದ ಕಪ್ಪೆಗಳು ಮೈನಸ್ 18 ಡಿಗ್ರಿಯನ್ನೂ ಹೀಗೆ ಕಳೆದಿವೆ. ವಸಂತದಲ್ಲಿ ಕರಗುವಾಗ ಮೊದಲು ಹೃದಯ ಬಡಿಯಲು ಶುರುವಾಗುತ್ತದೆ, ಆಮೇಲೆ ಉಸಿರು, ಕೊನೆಗೆ ಕಾಲು. ಮೂವತ್ತು ವರ್ಷಕ್ಕೂ ಮೇಲೆ ಪ್ರಾಣಿಗಳ ಎದೆಗೆ ಸ್ಟೆತಸ್ಕೋಪ್ ಇಟ್ಟವನು ನಾನು. ನಿಂತ ಹೃದಯ ತಾನಾಗಿ ಹೊರಡುತ್ತದೆ ಅನ್ನುವುದನ್ನು ಓದಿದಾಗೆಲ್ಲ ಮೈ ಜುಮ್ಮೆನ್ನುತ್ತದೆ.

ಗಿಡಮರ, ಮಲ್ಲೇಶ್ವರಂ

ಎಲ್ಲರೂ ಪ್ರಾಣಿಗಳ ಬಗ್ಗೆಯೇ ಹೇಳುತ್ತಿದ್ದೀರಿ. ಮರಕ್ಕೆ ಓಡುವುದಕ್ಕೂ ಆಗುವುದಿಲ್ಲ, ತುಪ್ಪಳವೂ ಇಲ್ಲ. ಮೂಸ್ ತಿನ್ನುವ ಆ ಬರ್ಚ್, ವಿಲ್ಲೋ ರೆಂಬೆಗಳು ಮೈನಸ್ 40ರಲ್ಲೂ ಬರಿಮೈಯಲ್ಲಿ ನಿಂತಿರುತ್ತವೆ.

ಅವು ಮಾಡುವುದೂ ಡಾಕ್ಟರು ಹೇಳಿದ ಕಪ್ಪೆಯ ದಾರಿಯೇ. ಹಗಲು ಚಿಕ್ಕದಾಗುತ್ತಾ ಬಂದಂತೆ ಮರಕ್ಕೆ ಸುಳಿವು ಸಿಗುತ್ತದೆ. ಬೆಳೆಯುವುದು ನಿಲ್ಲುತ್ತದೆ. ಜೀವಕೋಶದ ಒಳಗೆ ಸಕ್ಕರೆ ಏರುತ್ತದೆ, ಒಳಗಿನ ನೀರು ಹೊರಗೆ ಬಂದು ಕೋಶಗಳ ನಡುವಿನ ಜಾಗದಲ್ಲಿ ಮಂಜಾಗುತ್ತದೆ. ಒಳಗೆ ಉಳಿಯುವುದು ಮಂಜಾಗದ ಗಟ್ಟಿ ಪಾಕ. ಹೀಗೆ ಹದಗೊಂಡ ವಿಲ್ಲೋ ರೆಂಬೆಯನ್ನು ಮೊದಲು ನಿಧಾನವಾಗಿ ಹೆಪ್ಪುಗಟ್ಟಿಸಿ, ಆಮೇಲೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದ್ದಿ ತೆಗೆದರೂ ಬದುಕಿದೆ. ಅದೇ ರೆಂಬೆ ಬೇಸಿಗೆಯಲ್ಲಿ ಸ್ವಲ್ಪ ಮಂಜು ಬಿದ್ದರೂ ಸಾಯುತ್ತದೆ. ಅಂದರೆ ಮರದ ಜಾತಿ ಎಷ್ಟು ಮುಖ್ಯವೋ, ಅದಕ್ಕೆ ಸಿದ್ಧವಾಗಲು ಸಿಕ್ಕ ಸಮಯವೂ ಅಷ್ಟೇ ಮುಖ್ಯ.

ನಮ್ಮ ಓದುಗರಿಗೆ ಇದು ಗೊತ್ತಾಗುವುದು ಸೇಬಿನಲ್ಲಿ. ಕಾಶ್ಮೀರದ ಸೇಬಿನ ಗಿಡ ತಂದು ಬೆಂಗಳೂರಲ್ಲಿ ನೆಟ್ಟರೆ ಎಲೆ ಬಿಡುತ್ತದೆ, ಹೂವು ಸರಿಯಾಗಿ ಬಿಡುವುದಿಲ್ಲ. ಮೊಗ್ಗು ಏಳಬೇಕಾದರೆ 7 ಡಿಗ್ರಿಗಿಂತ ಕಡಿಮೆಯ ಚಳಿ ನೂರಾರು ಗಂಟೆ ಬೇಕು. ಅನ್ನಾ ತರಹದ ಕಡಿಮೆ ಚಳಿ ಸಾಕಾಗುವ ತಳಿಗಳು ಮಾತ್ರ ಇಲ್ಲಿ ಹಣ್ಣು ಕೊಡುತ್ತವೆ. ಚಳಿ ಸಹಿಸುವುದು ಒಂದು, ಚಳಿಯೇ ಬೇಕಾಗುವುದು ಇನ್ನೊಂದು.

ಜೇನುಗೂಡು, ಕೆಂಗೇರಿ

ಜೇನನ್ನು ಬಿಡಬೇಡಿ. ಯುರೋಪಿನ ಜೇನುಹುಳ ಚಳಿಗಾಲದಲ್ಲಿ ಮಲಗುವುದೇ ಇಲ್ಲ. ಸಾವಿರಾರು ಹುಳ ರಾಣಿಯ ಸುತ್ತ ಒತ್ತೊತ್ತಾಗಿ ಉಂಡೆ ಕಟ್ಟುತ್ತವೆ. ರೆಕ್ಕೆ ಆಡಿಸದೆ ಹಾರುವ ಸ್ನಾಯುವನ್ನು ಮಾತ್ರ ಅದುರಿಸಿ ಬಿಸಿ ಮಾಡುತ್ತವೆ. ಮೊಟ್ಟೆ ಮರಿ ಇದ್ದರೆ ನಡುವೆ 35 ಡಿಗ್ರಿ ಹತ್ತಿರ, ಹೊರಪದರದಲ್ಲಿ 10 ಡಿಗ್ರಿ ಆಸುಪಾಸು. ಹೊರಗಿದ್ದವು ಒಳಗೆ ಬರುತ್ತವೆ, ಒಳಗಿದ್ದವು ಹೊರಗೆ ಹೋಗುತ್ತವೆ. ಉರಿಸುವುದು ಬೇಸಿಗೆಯಲ್ಲಿ ಕೂಡಿಟ್ಟ ತುಪ್ಪವನ್ನೇ. ಅದಕ್ಕೇ ಅಲ್ಲಿನವರು ತುಪ್ಪ ತೆಗೆಯುವಾಗ ಹುಳಕ್ಕೂ ಪಾಲು ಬಿಡುತ್ತಾರೆ. ನಾವೂ ಮಳೆಗಾಲದ ಪಾಲು ಬಿಡಬೇಕು.

ಕಿರಣ್, ಎಚ್‌ಎಸ್‌ಆರ್ ಲೇಔಟ್

ಡಾಕ್ಟ್ರೇ, ಹಾಗಾದರೆ ಈಗ ಚಳಿಗಾಲ ಬೆಚ್ಚಗಾಗುತ್ತಿದೆಯಲ್ಲ, ಮೂಸ್‌ಗೆ ಅದು ಅನುಕೂಲವೇ ಆಗಬೇಕಲ್ವಾ? ಮತ್ತೆ ಬನ್ನೇರುಘಟ್ಟದಲ್ಲಿ ಯಾಕೆ ಸಾಕಬಾರದು? ಮಕ್ಕಳು ನೋಡಬಹುದಿತ್ತು.

ದನದ ಡಾಕ್ಟರು, ಹೆಸರಘಟ್ಟ

ಎರಡಕ್ಕೂ ಉತ್ತರ ಒಂದೇ. ನಾನು ಈ ಚರ್ಚೆಯಲ್ಲಿ ಹೇಳಬೇಕೆಂದಿದ್ದದ್ದೂ ಇದೇ. ಮೂಸ್‌ಗೆ ಚಳಿಗಿಂತ ಸೆಕೆ ಕಷ್ಟ.

ಅದೇ ಆಲ್ಬರ್ಟಾದ ಅಳತೆಯಲ್ಲಿ ಇನ್ನೊಂದು ತುದಿಯನ್ನೂ ನೋಡಿದರು. ಚಳಿಗಾಲದ ಕೂದಲಿರುವ ಮೂಸ್‌ಗೆ ಮೈನಸ್ 5 ಡಿಗ್ರಿ ದಾಟಿದರೆ ಸೆಕೆ ಶುರು. ಏದುಸಿರು ಬಿಡುತ್ತದೆ, ಮೇಯುವುದು ಕಡಿಮೆ ಮಾಡಿ ನೆರಳು ಹುಡುಕುತ್ತದೆ. ಬೇಸಿಗೆಯ ತೆಳು ಕೂದಲಲ್ಲೂ 14 ಡಿಗ್ರಿ ದಾಟಿದರೆ ತೊಂದರೆ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, 1884ರ ಜನವರಿ 13ರಂದು. ಆ ಬೆಳಗ್ಗೆ ಕೂಡ ಚಳಿಗಾಲದ ಕೂದಲಿನ ಮೂಸ್‌ಗೆ ಇಲ್ಲಿ ಸೆಕೆಯೇ ಆಗುತ್ತಿತ್ತು. ನಮ್ಮ ಏಪ್ರಿಲ್ ಬಿಸಿಲಿಗೆ ಅದನ್ನು ತಂದು ನಿಲ್ಲಿಸುವುದು ಹಿಂಸೆ. ಬೇಡವೇ ಬೇಡ.

ಬೆಚ್ಚಗಿನ ಚಳಿಗಾಲ ತರುವ ಇನ್ನೊಂದು ಕಷ್ಟ ಉಣ್ಣಿ. ಮಲೆನಾಡಿನವರಿಗೆ ಉಣ್ಣಿಯ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಶಿವಮೊಗ್ಗದ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದೂ ಉಣ್ಣಿಯಿಂದಲೇ. ಮೂಸ್‌ಗೆ ಅಂಟುವುದು ಬೇರೆ ಜಾತಿ, ಚಳಿಗಾಲದ ಉಣ್ಣಿ. ಮಳೆ ಮುಗಿದ ಕಾಲದಲ್ಲಿ ಸಣ್ಣ ಮರಿ ಉಣ್ಣಿಗಳು ಗಿಡದ ತುದಿಯಲ್ಲಿ ಗೊಂಚಲು ಗೊಂಚಲಾಗಿ ಕಾದಿರುತ್ತವೆ. ಹಾದುಹೋಗುವ ಮೂಸ್‌ಗೆ ಅಂಟಿಕೊಂಡರೆ ಇಡೀ ಚಳಿಗಾಲ ಅದೇ ಮೈಮೇಲೆ. ಮೊದಲು ಬೇಗ ಹಿಮ ಬಿದ್ದು ಅವುಗಳನ್ನು ತಡೆಯುತ್ತಿತ್ತು. ಈಗ ಹಿಮ ತಡ. ಹಾಗಾಗಿ ಅಂಟಿಕೊಳ್ಳಲು ಅವುಗಳಿಗೆ ಜಾಸ್ತಿ ದಿನ ಸಿಗುತ್ತದೆ. ವಸಂತದಲ್ಲಿ ಹಿಮ ಬೇಗ ಕರಗಿದರೆ ಕೆಳಗೆ ಉದುರಿದ ಹೆಣ್ಣು ಉಣ್ಣಿಗಳು ಬದುಕಿ ಮೊಟ್ಟೆ ಇಡುತ್ತವೆ.

ಅಮೆರಿಕದ ಮೇನ್, ನ್ಯೂ ಹ್ಯಾಂಪ್‌ಶೈರ್ ಕಡೆ ಒಂದೊಂದು ಮೂಸ್ ಮೇಲೆ ಹತ್ತಾರು ಸಾವಿರ ಉಣ್ಣಿ ಎಣಿಸಿದ್ದಾರೆ. ತುರಿಕೆ ತಾಳದೆ ಪ್ರಾಣಿ ಮರಕ್ಕೆ ಉಜ್ಜಿ ಉಜ್ಜಿ ಕೂದಲನ್ನೇ ಕಿತ್ತುಕೊಳ್ಳುತ್ತದೆ, ಮೈ ಬೆಳ್ಳಗೆ ಕಾಣುತ್ತದೆ. ನಾನು ಮೇಲೆ ಅಷ್ಟು ಹೊಗಳಿದ ಆ ಟೊಳ್ಳು ಕೂದಲು ಆಗ ಇರುವುದಿಲ್ಲ. ರಕ್ತವೂ ಹೋಗಿರುತ್ತದೆ. ಮಾರ್ಚ್, ಏಪ್ರಿಲ್ ಅಂದರೆ ಕೊಬ್ಬು ಮುಗಿದ ಹೊತ್ತು. ಕೆಲವು ವರ್ಷ ಕಾಲರ್ ಕಟ್ಟಿ ಗಮನಿಸಿದ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತಿವೆ. ದಕ್ಷಿಣದಿಂದ ಬಿಳಿಬಾಲದ ಜಿಂಕೆಗಳು ಹರಡುತ್ತಾ ಮೆದುಳಿಗೆ ಹತ್ತುವ ಒಂದು ಹುಳುವನ್ನೂ ತರುತ್ತಿವೆ. ಜಿಂಕೆಗೆ ಅದರಿಂದ ಏನೂ ಆಗುವುದಿಲ್ಲ, ಮೂಸ್ ಸಾಯುತ್ತದೆ. ಮಿನೆಸೋಟಾದ ಈಶಾನ್ಯ ಭಾಗದಲ್ಲಿ 2006ರಿಂದ ಈಚೆಗೆ ಮೂಸ್ ಅರ್ಧಕ್ಕಿಂತ ಕಡಿಮೆಯಾಗಿವೆ.

ಮನಸ್ಸಿಗೆ ನೋವಾಗುತ್ತದೆ. ಮೈನಸ್ 30ಕ್ಕೆ ಜಗ್ಗದ ಪ್ರಾಣಿ ಇದು.

ರಾಧಾ, ಬಸವನಗುಡಿ

ಡಾಕ್ಟ್ರೇ, ಎಲ್ಲರಿಗೂ ಧನ್ಯವಾದ. ಅಕ್ಕನಿಗೆ ಇದನ್ನೆಲ್ಲ ಕಳಿಸಿದೆ. ಮೇವು ಹಾಕುತ್ತಿಲ್ಲ. ಅವಳ ಪ್ರಶ್ನೆ ಒಂದೇ: ಮರಿಗೆ ಅಷ್ಟು ದೊಡ್ಡ ಮೈ ಇಲ್ಲವಲ್ಲ, ಅದಕ್ಕೆ ಕಷ್ಟ ಜಾಸ್ತಿ ಅಲ್ವಾ?

ದನದ ಡಾಕ್ಟರು, ಹೆಸರಘಟ್ಟ

ಹೌದಮ್ಮ, ಜಾಸ್ತಿ. ಮೇ ಕೊನೆಯಲ್ಲಿ 15 ಕೆ.ಜಿ. ಆಸುಪಾಸಿನಲ್ಲಿ ಹುಟ್ಟಿ, ಹಿಮ ಬೀಳುವ ಹೊತ್ತಿಗೆ 150ರ ಹತ್ತಿರ ಬರುತ್ತದೆ. ಅಷ್ಟು ಬೇಗ ಬೆಳೆಯುವುದು ಮೊದಲ ಚಳಿಗಾಲಕ್ಕಾಗಿಯೇ. ಕೊಬ್ಬು ಕೂಡಿಡಲು ಸಮಯ ಸಿಗುವುದಿಲ್ಲ. ಹಿಮದಲ್ಲಿ ತಾಯಿ ತುಳಿದ ದಾರಿಯಲ್ಲೇ ನಡೆಯುತ್ತದೆ, ಕಾಲೂ ಗಿಡ್ಡ. ತಾಯಿಯ ಜೊತೆ ಇದೆಯಲ್ಲ, ಅದು ದೊಡ್ಡ ಬಲ.

ವಿಜಯನಗರದ ಅಮ್ಮ

ಮಗಳ ಎರಡನೇ ಪ್ರಶ್ನೆ ಬಂತು. ಕೆರೆ ಪೂರ್ತಿ ಐಸ್ ಆದರೆ ಮೀನು ಎಲ್ಲಿ ಹೋಗುತ್ತದೆ?

ಕೆರೆದಂಡೆ, ಹೆಬ್ಬಾಳ

ಪೂರ್ತಿ ಆಗುವುದಿಲ್ಲ ಪುಟ್ಟಿ, ಮೇಲ್ಗಡೆ ಮಾತ್ರ. ನೀರು 4 ಡಿಗ್ರಿಯಲ್ಲಿ ಅತಿ ಭಾರ, ಅದು ತಳಕ್ಕೆ ಇಳಿಯುತ್ತದೆ. ಐಸ್ ಹಗುರ, ಮೇಲೆ ತೇಲುತ್ತದೆ. ಅದರ ಮೇಲೆ ಹಿಮ ಕೂತು ಕೆಳಗಿನ ನೀರನ್ನು ಇನ್ನಷ್ಟು ಕಾಪಾಡುತ್ತದೆ. ಮೀನುಗಳು ತಳದ ಹತ್ತಿರ ನಿಧಾನವಾಗಿ ಈಜುತ್ತಾ ಇರುತ್ತವೆ. ಅಂಟಾರ್ಕ್ಟಿಕಾದ ಸಮುದ್ರದ ಉಪ್ಪುನೀರು ಮೈನಸ್ 1.9 ಡಿಗ್ರಿ ಇರುತ್ತದೆ. ಅಲ್ಲಿನ ಕೆಲವು ಮೀನುಗಳ ರಕ್ತದಲ್ಲಿ ಮಂಜಿನ ಹರಳು ಬೆಳೆಯದಂತೆ ತಡೆಯುವ ಪ್ರೋಟೀನ್ ಇದೆ. ಆರ್ಥರ್ ಡಿವ್ರೀಸ್ ಅನ್ನುವವರು 1960ರ ದಶಕದಲ್ಲಿ ಅದನ್ನು ಕಂಡುಹಿಡಿದರು.

ಐಸ್ ಅಡಿಯ ಮೀನಿಗೆ ಅಪಾಯ ಚಳಿಯಿಂದ ಬರುವುದಿಲ್ಲ, ಉಸಿರು ಕಟ್ಟಿ ಬರುತ್ತದೆ. ಐಸ್ ಮೇಲೆ ಹಿಮ ದಪ್ಪಗೆ ಕೂತರೆ ಬೆಳಕು ಇಳಿಯುವುದಿಲ್ಲ, ನೀರಿನ ಗಿಡಗಳು ಆಮ್ಲಜನಕ ಮಾಡುವುದಿಲ್ಲ. ತಳದಲ್ಲಿ ಕೊಳೆಯುವ ಕಸ ಇದ್ದದ್ದನ್ನೂ ತಿಂದುಹಾಕುತ್ತದೆ. ಆಳವಿಲ್ಲದ ಕೆರೆಗಳಲ್ಲಿ ವಸಂತಕ್ಕೆ ಐಸ್ ಕರಗಿದಾಗ ಸತ್ತ ಮೀನು ತೇಲುತ್ತವೆ. ನಮ್ಮೂರಿನ ಕೆರೆಗಳಲ್ಲಿ ಮೊದಲ ಮಳೆಯ ನಂತರ ಮೀನು ತೇಲುವುದಕ್ಕೂ ಕಾರಣ ಇದೇ ಆಮ್ಲಜನಕ. ಅಲ್ಲಿ ಮುಚ್ಚುವುದು ಹಿಮ, ಇಲ್ಲಿ ಮಳೆನೀರಿನ ಜೊತೆ ಒಳಗೆ ಬರುವ ಚರಂಡಿ ನೀರು. ಹಿಮವನ್ನು ತಡೆಯಲು ಆಗುವುದಿಲ್ಲ, ಚರಂಡಿಯನ್ನು ತಡೆಯಬಹುದು. ನಿಮ್ಮ ಹತ್ತಿರದ ಕೆರೆಗೆ ಮಗಳನ್ನು ಒಮ್ಮೆ ಬೆಳಗ್ಗೆ ಕರೆದುಕೊಂಡು ಹೋಗಿ ಮೇಡಂ. ಬಾತುಗಳು ಮಾರ್ಚ್‌ವರೆಗೂ ಇರುತ್ತವೆ.